ಎಪ್ಪತ್ತೆರಡರ ಬರ ಕಟ್ಟಿಸಿದ ಕೆರೆಗಳು

ಜತ್ತ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಒಂದನೆಯ ತರಗತಿಗೆ ಮಕ್ಕಳ ಹೆಸರು ಹಚ್ಚುವಾಗ ಹುಟ್ಟಿದ ತಾರೀಖು ಕೇಳಬೇಕಾಗುತ್ತಿತ್ತು. ಮಗುವಿನ ಕೈಹಿಡಿದು ಬಂದ ಅಜ್ಜಿಯರು ಇಸವಿ ಹೇಳುತ್ತಿರಲಿಲ್ಲ. “ದನಗಳ ಛಾವಣಿ ಹಾಕಿದ್ರಲ್ಲ ಅಕ್ಕೋರ, ಆ ವರ್ಷ ಶ್ರಾವಣದಾಗ ಹುಟ್ಟೇತಿ” ಎಂದು, ಬರದಲ್ಲಿ ದನಗಳಿಗೆ ಮೇವು ಹಾಕುವ ಶಿಬಿರದ ವರ್ಷ ಹಿಡಿದು ಹೇಳುತ್ತಿದ್ದರು. ಅವರದೇ ವಯಸ್ಸು ಕೇಳಿದರೆ, “ಎಪ್ಪತ್ತೆರಡರ ಬರದಾಗ ನಾ ಖಡಿ ಒಡಿಯಾಕ ಹೋಗತಿದ್ದೆ, ಇನ್ನಾ ಲಗ್ನ ಆಗಿದ್ದಿಲ್ಲ” ಎಂದು ಅಲ್ಲಿಂದ ಲೆಕ್ಕ ಹಿಡಿಯುತ್ತಿದ್ದರು. ಸಂಖ, ಉಮದಿ ಕಡೆಯ ಹಳ್ಳಿಗಳಲ್ಲಿ ಮಾಸ್ತರಿಕೆ ಮಾಡಿದವರೆಲ್ಲ ಹೀಗೆಯೇ ಬರಗಾಲದ ಇಸವಿಗಳನ್ನು ಬಾಯಿಪಾಠ ಮಾಡಿಕೊಂಡು, ಅದಕ್ಕೆ ಕೂಡಿಸಿ ಕಳೆದು ದಾಖಲೆ ಪುಸ್ತಕ ತುಂಬಿದ್ದೇವೆ.

ಸಾಂಗಲಿ ಜಿಲ್ಲೆ ಎಂದಾಗ ಹೊರಗಿನವರ ಕಣ್ಣಿಗೆ ಬರುವುದು ಕಬ್ಬು, ಅರಿಸಿನ, ದ್ರಾಕ್ಷಿ. ಅದು ಕೃಷ್ಣೆಯ ದಂಡೆಯ ಸಾಂಗಲಿ. ಪೂರ್ವಕ್ಕೆ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಗೆ ಹತ್ತಿಕೊಂಡು ಹಬ್ಬಿರುವ ಜತ್ತ, ಆ ಜಿಲ್ಲೆಯ ಅತಿ ದೊಡ್ಡ ತಾಲ್ಲೂಕು. ಸಹ್ಯಾದ್ರಿಯ ಮಳೆ ನೆರಳಿನಲ್ಲಿ ಬೀಳುವ ಸೀಮೆ ಇದು. ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿಯೂ ದೊಡ್ಡ ಪಾಲು ಉತ್ತರಿ, ಹಸ್ತದ ಮಳೆಯದು. ದಕ್ಷಿಣದ ಹಳ್ಳಗಳು ಕೃಷ್ಣೆಯ ಕಡೆ ಇಳಿಯುತ್ತವೆ, ಬೋರ ನದಿ ಭೀಮೆಯ ಕಡೆ ಹೋಗುತ್ತದೆ. ಎರಡು ದೊಡ್ಡ ನದಿಗಳ ನಡುವಿನ ದಿಬ್ಬದ ಮೇಲೆ ಕೂತ ನಮಗೆ ಎರಡೂ ದೂರ. ಉಮದಿ, ಸಂಖ, ಬಾಲಗಾಂವ, ತಿಕ್ಕುಂಡಿ, ಮುಚ್ಚಂಡಿ, ಮಾಡಗ್ಯಾಳ, ಗುಡ್ಡಾಪುರ ಮುಂತಾದ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. 1948ರ ಮಾರ್ಚ್ 8ರಂದು ಡಫಳೆ ಮನೆತನದ ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆ ಆಯಿತು, 1960ರಲ್ಲಿ ಅದೇ ಸಾಂಗಲಿ ಜಿಲ್ಲೆ ಎನ್ನಿಸಿಕೊಂಡಿತು. ಹೆಸರು ಬದಲಾದಂತೆ ಮಳೆ ಬದಲಾಗಲಿಲ್ಲ.

ನಮ್ಮ ಕಡೆ ಸಭೆ ಸಮಾರಂಭಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಬರುತ್ತದೆ: “ಬರ ನಮ್ಮನ್ನ ಗಟ್ಟಿ ಮಾಡೇತಿ.” ಚಪ್ಪಾಳೆಯೂ ಬೀಳುತ್ತದೆ. ಈ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಬರ ತಾನಾಗಿ ಯಾರನ್ನೂ ಗಟ್ಟಿ ಮಾಡುವುದಿಲ್ಲ, ಕೊಲ್ಲುತ್ತದೆ. ಮೊದಲೇ ಕೂಡಿಟ್ಟದ್ದೇನಾದರೂ ಇದ್ದರೆ, ಕಷ್ಟದ ನಡುವೆ ಉಸಿರು ಹಿಡಿಯಲು ಆಸರೆ ಸಿಕ್ಕರೆ, ಬರ ಮುಗಿದ ಮೇಲೆ ಅದು ಕಲಿಸಿದ್ದನ್ನು ಯಾರಾದರೂ ಉಳಿಸಿಕೊಂಡರೆ ಮಾತ್ರ ಊರು ಗಟ್ಟಿಯಾಗುತ್ತದೆ. ನಮ್ಮ ತಾಲ್ಲೂಕಿನ ನೂರೈವತ್ತು ವರ್ಷಗಳ ಇತಿಹಾಸದಲ್ಲಿ ಎರಡೂ ನಡೆದಿವೆ.

ಮೊದಲು ಕೊಂದ ಬರದ ಸಂಗತಿ. 1876ರಲ್ಲಿ ದಖ್ಖನಿನಲ್ಲಿ ಮಳೆ ಕೈಕೊಟ್ಟಾಗ ಜತ್ತ ಸಂಸ್ಥಾನ ನೇರ ಇಂಗ್ಲಿಷರ ಆಡಳಿತದಲ್ಲಿತ್ತು. ಆಗಿನ ಸಂಸ್ಥಾನಿಕರ ದಬ್ಬಾಳಿಕೆಯ ಕಾರಣದಿಂದ 1874ರಲ್ಲಿ ಸರ್ಕಾರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತ್ತು, 1885ರವರೆಗೆ ಬಿಟ್ಟುಕೊಡಲಿಲ್ಲ. ಹೀಗಾಗಿ ಆ ಬರದಲ್ಲಿ ನಮ್ಮವರ ಹೊಟ್ಟೆಯ ಹೊಣೆ ಹೊತ್ತವರು ಯಾರು ಎಂಬ ಪ್ರಶ್ನೆಗೆ ಎರಡು ಉತ್ತರಗಳಿಲ್ಲ. ಮೈಸೂರು ಸೀಮೆಯವರು ಧಾತು ಸಂವತ್ಸರದ ಬರ ಎಂದು ಕರೆದದ್ದು ಇದನ್ನೇ. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರ ಪರಿಹಾರ ಕಾಮಗಾರಿಯ ಕೂಲಿಯನ್ನು ಇಳಿಸಿದ. ದಿನವಿಡೀ ಮಣ್ಣು ಹೊತ್ತ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಮೇಲೊಂದು ಆಣೆ. ಹೆಂಗಸರಿಗೆ, ಮಕ್ಕಳಿಗೆ ಅದಕ್ಕೂ ಕಡಿಮೆ. ಒಂದು ಪೌಂಡ್ ಎಂದರೆ ಅರ್ಧ ಕಿಲೋಕ್ಕೂ ಕಡಿಮೆ. ಅದನ್ನು ತಿಂದು ಬುಟ್ಟಿ ಹೊರುವುದು ಸಾಧ್ಯವಿಲ್ಲವೆಂದು ಮುಂಬಯಿ ಪ್ರಾಂತದ ಜನ ಕೆಲಸದ ಜಾಗವನ್ನೇ ಬಿಟ್ಟು ಎದ್ದುಹೋದರು. ಹಸಿದವರು ಮಾಡಿದ ಮುಷ್ಕರ ಅದು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಬರೆದು ಬರೆದು ಸರ್ಕಾರದ ಬೆನ್ನು ಹತ್ತಿತು. ಅತ್ತ ಬಂದರುಗಳಲ್ಲಿ ಧಾನ್ಯ ಹಡಗು ಹತ್ತುವುದು ನಿಲ್ಲಲಿಲ್ಲ.

ಮರುವರ್ಷವೂ ಬೆಳೆ ನಂಬುವಂತಿರಲಿಲ್ಲ. ನಮಗೆ ಹತ್ತಿಕೊಂಡ ಆಗಿನ ಕಲಾದಗಿ ಜಿಲ್ಲೆಯ (ಇಂದಿನ ವಿಜಯಪುರ, ಬಾಗಲಕೋಟೆ) ಜನಸಂಖ್ಯೆ 1872ಕ್ಕೂ 1881ಕ್ಕೂ ನಡುವೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ದಕ್ಷಿಣ ಭಾರತದಾದ್ಯಂತ ಸತ್ತವರು 50 ಲಕ್ಷಕ್ಕೂ ಹೆಚ್ಚು. ಚೇತರಿಸಿಕೊಂಡ ಮೇಲಾದರೂ ನಮ್ಮ ಸೀಮೆ ಗಟ್ಟಿಯಾಯಿತೇ? 1896–97ರಲ್ಲಿ ಒಂದು ಬರ, 1899–1900ರಲ್ಲಿ ಇನ್ನೊಂದು, ನಡುವೆ ಪ್ಲೇಗು. 1901ರ ಜನಗಣತಿಯಲ್ಲಿ ಡಫಳಾಪುರವನ್ನೂ ಕೂಡಿಸಿ ಜತ್ತ ಸಂಸ್ಥಾನದ ಜನಸಂಖ್ಯೆ 68,665. ಹತ್ತು ವರ್ಷಗಳಲ್ಲಿ ನೂರಕ್ಕೆ 14ರಷ್ಟು ಇಳಿಕೆ. ಬರದಿಂದ ಮೈಗೆ ಕಸುವು ಬರುತ್ತದೆ ಎನ್ನುವವರು ಈ ಅಂಕಿಯನ್ನೊಮ್ಮೆ ನೋಡಬೇಕು. ಸಾಲಾಗಿ ಪೆಟ್ಟು ಬಿದ್ದಾಗ ಬದುಕಿ ಉಳಿದವರಿಗೆ ಉಳಿಯುವುದು ಸಾಲ ಮತ್ತು ರೋಗ.

1876ರ ಬರದಿಂದ ಗಟ್ಟಿಯಾಗಿ ಹೊರಬಂದದ್ದು ಒಂದು ಕಾಗದ ಮಾತ್ರ. ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯ ಬರಗಾಲ ಆಯೋಗ 1880ರಲ್ಲಿ ವರದಿ ಕೊಟ್ಟಿತು, 1883ರಲ್ಲಿ ಬರ ಸಂಹಿತೆಯ ಕರಡು ಹೊರಬಂತು. ಧಾನ್ಯದ ಬೆಲೆ ಏರುವುದು, ಜನ ಗುಂಪುಗುಂಪಾಗಿ ಊರು ಬಿಡುವುದು ಮುಂತಾದ ಮುನ್ಸೂಚನೆಗಳನ್ನು ಅಧಿಕಾರಿ ಗಮನಿಸಬೇಕು. ಕೆಲಸ ಬೇಕೆಂದು ಬಂದವರಿಗೆ ಕೆಲಸ ತೆರೆಯಬೇಕು. ದುಡಿಯಲಾರದವರಿಗೆ ಕೆಲಸವಿಲ್ಲದೆಯೇ ಅನ್ನ ಕೊಡಬೇಕು. ಬರೆದವರ ಮನಸ್ಸಿನಲ್ಲಿ ದಯೆಗಿಂತ ಖರ್ಚಿನ ಚಿಂತೆ ಹೆಚ್ಚಿತ್ತು ಎಂಬುದು ನಿಜ. ಆದರೂ ಬರದ ಪಾಠ ಮೊದಲ ಸಲ ಬರಹಕ್ಕೆ ಇಳಿದು ಮುಂದಿನ ಅಧಿಕಾರಿಯ ಮೇಜಿನ ಮೇಲೆ ಕೂತಿತು. ಅದು ಸಣ್ಣ ಸಂಗತಿಯಲ್ಲ.

ಸರ್ಕಾರದ ಕಾಗದಕ್ಕಿಂತ ಎಷ್ಟೋ ಮೊದಲೇ ನಮ್ಮ ಊರುಗಳಲ್ಲಿ ಬರದ ಏರ್ಪಾಡುಗಳಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹಗೇವು. ಹರಿನೀರು ನಿಲ್ಲದ ಎತ್ತರದ ಜಾಗ ನೋಡಿ, ಗಟ್ಟಿ ಮುರುಮಿನಲ್ಲಿ ಆಳವಾಗಿ ತೋಡುತ್ತಿದ್ದರು. ಬಾಯಿ ಒಬ್ಬ ಇಳಿಯುವಷ್ಟು, ಹೊಟ್ಟೆ ಅಗಲ. ತಳಕ್ಕೂ ಗೋಡೆಗೂ ಒಣಹುಲ್ಲು, ಹೊಟ್ಟು ಒತ್ತಿ, ಚೆನ್ನಾಗಿ ಒಣಗಿದ ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಹಾಕಿ ಮಣ್ಣು ಮೆತ್ತುವುದು. ಗಾಳಿ ಆಡದ ಕಡೆ ಹುಳಕ್ಕೆ ಬದುಕಿಲ್ಲ, ಕಾಳು ವರ್ಷಗಟ್ಟಲೆ ಇರುತ್ತಿತ್ತು. ಹಗೇವು ತೆಗೆದ ದಿನ ಯಾರನ್ನೂ ಕೂಡಲೇ ಇಳಿಸುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತಿತ್ತು. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು. ಆ ಜೋಳಕ್ಕೆ ಒಂದು ಮುಗ್ಗಲು ವಾಸನೆ ಇರುತ್ತಿತ್ತು ಎಂದು ನಮ್ಮ ಅಜ್ಜ ಹೇಳುತ್ತಿದ್ದ, ಹೇಳುವಾಗ ಮುಖದಲ್ಲಿ ಬೇಸರವಿರುತ್ತಿರಲಿಲ್ಲ. ಒಂದು ಮಾತನ್ನು ಮರೆಯಬಾರದು. ಹಗೇವು ಇದ್ದದ್ದು ಹೊಲ ಇದ್ದವರ ಮನೆಯಲ್ಲಿ. ಇಲ್ಲದವರು ಬರದ ವರ್ಷ ಅದರ ಬಾಯಿಗೆ ಬಂದು ಜೋಳ ಸಾಲ ತೆಗೆದುಕೊಂಡು, ಸುಗ್ಗಿಯಲ್ಲಿ ಬಡ್ಡಿಕಾಳು ಕೂಡಿಸಿ ಅಳೆಯಬೇಕಿತ್ತು. ಊರು ಬರವನ್ನು ತಡೆದುಕೊಂಡಿತು ಎನ್ನುವಾಗ ಅದರ ಭಾರ ಯಾರ ಬೆನ್ನಿನ ಮೇಲಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ.

ಬಿತ್ತುವ ರೀತಿಯಲ್ಲಿಯೂ ಅದೇ ಎಚ್ಚರ. ಮುಂಗಾರಿಯಲ್ಲಿ ಮಸಾರಿ ಹೊಲಕ್ಕೆ ಬರೀ ಸಜ್ಜೆ ಬಿತ್ತಿದವರನ್ನು ಊರು ಮಂಕರೆನ್ನುತ್ತಿತ್ತು. ಸಜ್ಜೆಯ ಸಾಲುಗಳ ನಡುವೆ ಅಕ್ಕಡಿಗೆ ತೊಗರಿ, ಮಡಕಿ, ಹೆಸರು, ಹುರುಳಿ. ಮಳೆ ಬೇಗ ನಿಂತರೆ ಮಡಕಿ ಕೈಗೆ ಬರುತ್ತದೆ, ತಡವಾಗಿ ಸುರಿದರೆ ತೊಗರಿ ನಿಲ್ಲುತ್ತದೆ. ಎರಿ ಹೊಲದಲ್ಲಿ ಹಿಂಗಾರಿ ಬಿಳಿಜೋಳ, ಅಂಚಿಗೆ ದನ ಬಾಯಿ ಹಾಕದಂತೆ ಮುಳ್ಳಿನ ಕುಸುಬಿ. ನಮ್ಮ ಪಕ್ಕದ ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಊರ ಜೋಳದಿಂದಲೇ ಆರಿಸಿ ತೆಗೆದ ಮಾಲದಂಡಿ 35-1 ತಳಿ 1930ರ ದಶಕದಿಂದ ಇಂದಿನವರೆಗೂ ಈ ಸೀಮೆಯ ಹೊಲಗಳಲ್ಲಿ ಉಳಿದಿದೆ. ಹಸ್ತದ ಮಳೆಯ ಹಸಿಯ ಮೇಲೆ ಬಿತ್ತಿದರೆ ಮುಂದೆ ಹನಿ ಬೀಳದಿದ್ದರೂ ಕಾಳು ಕಟ್ಟುತ್ತದೆ. ಆಮೇಲೆ ಬಂದ ಹೊಸ ತಳಿಗಳು ಹೆಚ್ಚು ಬೆಳೆದು ತೋರಿಸಿದವು, ಒಣ ವರ್ಷ ಬಂದಾಗ ಇದರಷ್ಟು ನಂಬಿಕೆ ಗಳಿಸಲಿಲ್ಲ.

ಕುರಿಗಳ ಮಾತು ಹೇಳದೆ ಜತ್ತದ ಮಾತು ಪೂರ್ತಿಯಾಗದು. ಮಾಡಗ್ಯಾಳ ಊರಿನ ಹೆಸರನ್ನೇ ಹೊತ್ತ ಕುರಿ, ಎತ್ತರ ನಿಲುವು, ಉದ್ದ ಕುತ್ತಿಗೆ, ಗಿಳಿಮೂಗಿನ ಹಾಗೆ ಬಾಗಿದ ಮೂಗು, ಬಿಳಿ ಮೈಮೇಲೆ ಕಂದು ಮಚ್ಚೆ. ಉಣ್ಣೆಗೆ ಹೆಸರಾದದ್ದಲ್ಲ, ಬೇಗ ಬೆಳೆದು ತೂಕ ಕೊಡುವುದರಲ್ಲಿ ಇದರ ಹೆಸರು. ಮೇವು ಕಡಿಮೆ ಇರುವ ನೆಲದಲ್ಲಿ ದಿನವೆಲ್ಲ ನಡೆದು ಮೇಯುವ ಕುರಿಯನ್ನೇ ನಮ್ಮ ಕುರುಬರು ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡು ಬಂದರು. ಇಂದು ಒಳ್ಳೆಯ ಟಗರಿಗೆ ಲಕ್ಷಗಳ ಮಾತು ನಡೆಯುತ್ತದೆ. ಆದರೆ ಆ ತಳಿಯ ಹಿಂದೆ ಬರದಲ್ಲಿ ಸತ್ತ ಎಷ್ಟೋ ಮಂದೆಗಳಿವೆ. ಗಟ್ಟಿಯಾದದ್ದು ತಳಿ, ಸತ್ತದ್ದು ಒಂದೊಂದು ಕುರಿ. ಮನುಷ್ಯರ ವಿಷಯಕ್ಕೆ ಈ ಲೆಕ್ಕವನ್ನು ಯಾರೂ ತರಬಾರದು. ಕುರುಬರಿಗೂ ಇದು ಗೊತ್ತಿತ್ತು. ಅದಕ್ಕೇ ಅವರು ಬರವನ್ನು ನಿಂತು ಎದುರಿಸುತ್ತಿರಲಿಲ್ಲ, ಮಂದೆ ಹೊಡೆದುಕೊಂಡು ಹೊಳೆಸಾಲಿಗೆ ನಡೆಯುತ್ತಿದ್ದರು. ಅಲ್ಲಿಯ ರೈತರ ಹೊಲದಲ್ಲಿ ರಾತ್ರಿ ಕುರಿ ತರುಬಿ, ಗೊಬ್ಬರ ಕೊಟ್ಟು, ಜೋಳ ಪಡೆದು ಬದುಕುತ್ತಿದ್ದರು.

ಇನ್ನು ಗುಡ್ಡಾಪುರ. ನಮ್ಮದೇ ತಾಲ್ಲೂಕಿನ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ಕಲ್ಯಾಣಕ್ಕೆ ಹೋಗಿ ದಾನಮ್ಮ ಎನ್ನಿಸಿಕೊಂಡದ್ದು ಹನ್ನೆರಡನೆಯ ಶತಮಾನದ ಕಥೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ ಕಡೆಯಿಂದ ಜನ ಇಂದಿಗೂ ನಡೆದು ಬರುತ್ತಾರೆ. ಬಂದವರಿಗೆ ದಾಸೋಹ. ಮಳೆ ಇಲ್ಲದ ಸೀಮೆಯ ದೊಡ್ಡ ದೇವತೆ ಕೊಡುವ ಕೈಯ ಹೆಂಗಸಾದದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಸುಗ್ಗಿಯಲ್ಲಿ ಚೀಲ ಕೊಟ್ಟವರೇ ಬರದಲ್ಲಿ ಪಂಕ್ತಿಗೆ ಕೂತರೂ ಅಲ್ಲಿ ಯಾರೂ ಹೆಸರು ಕೇಳುವುದಿಲ್ಲ.

ಈಗ ಎಪ್ಪತ್ತೆರಡಕ್ಕೆ ಬರುತ್ತೇನೆ. 1970ರಿಂದಲೇ ಮಳೆ ಸರಿ ಇರಲಿಲ್ಲ, 1972ರಲ್ಲಿ ಪೂರ್ತಿ ಕೈಬಿಟ್ಟಿತು. ಹಗೇವುಗಳು ಅಷ್ಟರಲ್ಲಿ ಬರಿದಾಗಿದ್ದವು. ನಾನಾಗ ಅವ್ವನ ಸೆರಗು ಹಿಡಿದು ಹೋಗುವ ವಯಸ್ಸಿನವಳು. ಊರ ಹೊರಗಿನ ಹಳ್ಳಕ್ಕೆ ಅಡ್ಡಲಾಗಿ, ನೀರು ಇಂಗಿಸುವ ಪಾಝರ ತಲಾವಿನ ಒಡ್ಡು ಹಾಕುತ್ತಿದ್ದರು. ಗಂಡಸರು ಕಡಿಯುವುದು, ಹೆಂಗಸರು ಬುಟ್ಟಿ ಹೊರುವುದು. ಇನ್ನೊಂದು ಕಡೆ ರಸ್ತೆಗೆ ಖಡಿ ಒಡೆಯುವ ಕೆಲಸ. ಅವ್ವ ಮೊದಲು ಖಡಿಗೆ ಹೋಗುತ್ತಿದ್ದಳು, ಒಮ್ಮೆ ಚಕ್ಕೆ ಸಿಡಿದು ಹುಬ್ಬಿನ ಮೇಲೆ ಗಾಯವಾದ ಮೇಲೆ ತಲಾವಿಗೆ ಬಂದಳು. ಆ ಕಲೆ ಕೊನೆಯವರೆಗೂ ಇತ್ತು. ಹಾಜರಿ ಹಿಡಿಯುವ ಕಾರಕೂನ ಮರಾಠಿಯಲ್ಲಿ ಹೆಸರು ಕೂಗಿದರೆ ಇವರು ಕನ್ನಡದಲ್ಲಿ ಓಗೊಡುತ್ತಿದ್ದರು. ಪರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತಿತ್ತು, ಬೇಯಿಸಿದರೆ ಗಂಟಲಿಗೆ ಇಳಿಯುತ್ತಿರಲಿಲ್ಲ. ಮಕ್ಕಳಿಗೆ ಸುಕಡಿ ಹಂಚುತ್ತಿದ್ದರು, ಹುರಿದ ಹಿಟ್ಟಿಗೆ ಸಿಹಿ ಬೆರೆತ ಪುಡಿ. ಅದರ ರುಚಿ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ.

1973ರ ಮೇ ತಿಂಗಳ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಇಂಥ ಕಾಮಗಾರಿಗಳ ಮೇಲೆ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. 1876ರ ಬರದಲ್ಲಿ ದಕ್ಷಿಣ ಭಾರತದಲ್ಲಿ ಸತ್ತವರ ಸಂಖ್ಯೆಯೂ ಅಷ್ಟೇ ದೊಡ್ಡದೆಂಬುದು ನೆನಪಾದಾಗ ಮೈ ಜುಮ್ಮೆನ್ನುತ್ತದೆ. ಮಳೆಯ ಕೊರತೆ ಎರಡೂ ಸಲ ಘೋರವಾಗಿತ್ತು, ಆದರೆ ಎಪ್ಪತ್ತಮೂರರಲ್ಲಿ ಆ ಪ್ರಮಾಣದಲ್ಲಿ ಹೆಣಗಳು ಬೀಳಲಿಲ್ಲ. ಮುಂದೆ 1981ರಲ್ಲಿ ಅಮರ್ತ್ಯ ಸೇನ್ ಬಡತನ ಮತ್ತು ಬರಗಾಲಗಳ ಮೇಲೆ ಬರೆದ ಪುಸ್ತಕದಲ್ಲಿ ಹೇಳಿದ್ದು ಇದನ್ನೇ: ಜನ ಸಾಯುವುದು ನಾಡಿನಲ್ಲಿ ಕಾಳಿಲ್ಲ ಎಂಬ ಕಾರಣಕ್ಕಿಂತ ಹೆಚ್ಚಾಗಿ ಕೈಯಲ್ಲಿ ಕೊಳ್ಳುವ ಶಕ್ತಿ ಇಲ್ಲದ್ದಕ್ಕೆ. ಮಹಾರಾಷ್ಟ್ರದ ಆ ಬರವನ್ನು ಅರ್ಥಶಾಸ್ತ್ರಜ್ಞ ಜ್ಯಾನ್ ಡ್ರೇಜ್ ವಿವರವಾಗಿ ಅಭ್ಯಾಸ ಮಾಡಿದರು. ಅವ್ವನಿಗೆ ಈ ಇಬ್ಬರ ಹೆಸರೂ ಗೊತ್ತಿರಲಿಲ್ಲ. “ಪಗಾರ ಆದ ದಿನ ಸಂತಿಗಿ ಹೋಗಿ ನಾನಽ ಜ್ವಾಳಾ ತಂದೆ, ಯಾರ ಮುಂದೂ ಸೆರಗ ಒಡ್ಡಲಿಲ್ಲ” ಎಂದಷ್ಟೇ ಹೇಳುತ್ತಿದ್ದಳು. ಅವಳ ಕೈಗೆ ಅವಳದೇ ದುಡ್ಡು ಬಂದದ್ದು ಆ ಬರದಲ್ಲಿಯೇ ಮೊದಲು. ಬರದ ನಂತರ ಮನೆಯಲ್ಲಿ ಅವಳ ಮಾತಿಗೆ ಬಂದ ತೂಕ ಮತ್ತೆ ಇಳಿಯಲಿಲ್ಲ. ನನ್ನನ್ನು ಏಳನೆಯ ತರಗತಿಯ ನಂತರವೂ ಓದಿಸಬೇಕೆಂದು ಹಟ ಹಿಡಿದವಳು ಅವಳೇ.

ಇಲ್ಲಿ ನಮ್ಮ ಜಿಲ್ಲೆಯವರೇ ಆದ ಒಬ್ಬರ ಹೆಸರನ್ನು ಗೌರವದಿಂದ ಹೇಳಬೇಕು, ವಿ. ಸ. ಪಾಗೆ. 1960ರಿಂದ 1978ರವರೆಗೆ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸಭಾಪತಿ. 1965ರಲ್ಲಿಯೇ, ಅಂದರೆ ಆ ಬರಕ್ಕಿಂತ ಏಳು ವರ್ಷ ಮೊದಲು, ತಾಸಗಾಂವ ತಾಲ್ಲೂಕಿನ ವಿಸಾಪುರದಲ್ಲಿ ಅವರು ಒಂದು ಪ್ರಯೋಗ ಮಾಡಿಸಿದರು: ಕೆಲಸ ಕೇಳಿದವರಿಗೆಲ್ಲ ಕೆಲಸ. ಎಪ್ಪತ್ತೆರಡರಲ್ಲಿ ಲಕ್ಷಗಟ್ಟಲೆ ಜನ ಕೆಲಸ ಕೇಳಿಕೊಂಡು ಬಂದಾಗ ಆ ಸಣ್ಣ ಪ್ರಯೋಗ ಕಣ್ಣ ಮುಂದಿತ್ತು. ಬರ ಮುಗಿದ ಮೇಲೂ ಅದನ್ನು ಬಿಡಲಿಲ್ಲ. 1975ರಲ್ಲಿ ಪಟ್ಟಣದ ನೌಕರದಾರರ ಮೇಲೆ ವೃತ್ತಿ ತೆರಿಗೆ ಹಾಕಿ ಅದರ ಹಣವನ್ನು ಇದಕ್ಕೆ ತಿರುಗಿಸಿದರು. ಮುಂಬಯಿಯ ಗಿರಣಿ, ಕಚೇರಿಗಳ ಪಗಾರದಿಂದ ಕಡಿದ ರೂಪಾಯಿ ಜತ್ತದ ಹಳ್ಳಕ್ಕೆ ಒಡ್ಡು ಹಾಕಿತು. 1977ರಲ್ಲಿ ರೋಜಗಾರ ಹಮಿ ಕಾಯ್ದೆ ಒಪ್ಪಿಗೆಯಾಗಿ, 1979ರ ಜನವರಿ 26ರಿಂದ ಜಾರಿಗೆ ಬಂತು. ಅರ್ಜಿ ಕೊಟ್ಟ 15 ದಿನಗಳಲ್ಲಿ ಕೆಲಸ, ಕೊಡದಿದ್ದರೆ ಭತ್ಯೆ, ಗಂಡು ಹೆಣ್ಣಿಗೆ ಒಂದೇ ದರ. ಟೆಂಪಲ್‌ನ ಒಂದು ಪೌಂಡಿನಿಂದ ಇಲ್ಲಿಗೆ ಬರಲು ನೂರು ವರ್ಷ ಬೇಕಾಯಿತು. 2005ರಲ್ಲಿ ಸಂಸತ್ತು ದೇಶಕ್ಕೆಲ್ಲ ಉದ್ಯೋಗ ಖಾತ್ರಿಯ ಕಾಯ್ದೆ ಮಾಡಿದಾಗ ಮಾದರಿಯಾಗಿ ನಿಂತದ್ದು ಇದೇ. ಒಂದು ವ್ಯವಸ್ಥೆ ಕಷ್ಟದಿಂದ ಬಲಗೊಳ್ಳುವುದು ಎಂದರೆ ಹೀಗೆ: ಬರಕ್ಕೆ ಮೊದಲೇ ಸಣ್ಣದಾಗಿ ಮಾಡಿ ನೋಡಿದ್ದರು, ಬರದಲ್ಲಿ ಕಲಿತರು, ಬರ ಹೋದ ಮೇಲೆ ಕಲಿತದ್ದನ್ನು ಹಕ್ಕಾಗಿ ಬರೆದಿಟ್ಟರು.

ನಮ್ಮ ದಾಳಿಂಬೆ ಬೆಳೆಗಾರರು ಈ ಮಾತನ್ನು ನನಗಿಂತ ಚೆನ್ನಾಗಿ ಬಲ್ಲರು. ಬಹಾರ (ಹೂವಿನ ಹಂಗಾಮು) ಹಿಡಿಯುವ ಮೊದಲು ಗಿಡಕ್ಕೆ ತಾಣ ಕೊಡುತ್ತಾರೆ. ನೀರು ನಿಲ್ಲಿಸಿ, ಎಲೆ ಬಾಡಿ ಹಳದಿಯಾಗಿ ಉದುರುವವರೆಗೆ ಕಾಯುತ್ತಾರೆ. ಆಮೇಲೆ ಚಾಟಣಿ ಮಾಡಿ (ಟೊಂಗೆ ಸವರಿ), ಗೊಬ್ಬರ ಹಾಕಿ, ನೀರು ಬಿಟ್ಟರೆ ಇಡೀ ಗಿಡ ಒಮ್ಮೆಲೇ ಹೂವಾಗುತ್ತದೆ. ಹಗುರ ನೆಲಕ್ಕೆ ಕಡಿಮೆ ದಿನ, ಎರಿ ನೆಲಕ್ಕೆ ಹೆಚ್ಚು ದಿನ. ಹಿಂದಿನ ಬಹಾರದಲ್ಲಿ ವಿಪರೀತ ಹಣ್ಣು ಹೊತ್ತು ಸೊರಗಿದ ಗಿಡಕ್ಕೆ, ಎಳೆಯ ಗಿಡಕ್ಕೆ ಯಾರೂ ತಾಣ ಕೊಡುವುದಿಲ್ಲ. ಟೊಂಗೆಯಲ್ಲಿ ಕೂಡಿಟ್ಟ ಸತ್ವ ಇರಬೇಕು, ಮುಂದೆ ನೀರು ಬಿಡುವ ದಿನ ಗೊತ್ತಿರಬೇಕು. ಇವೆರಡೂ ಇಲ್ಲದೆ ನೀರು ನಿಲ್ಲಿಸಿದರೆ ಗಿಡ ಒಣಗುತ್ತದೆ. ಮನುಷ್ಯರಿಗೂ ಊರಿಗೂ ಇದೇ ಅಳತೆ ಎಂದು ನನ್ನ ನಂಬಿಕೆ.

ಎಂಬತ್ತರ ದಶಕದ ನಂತರ ನಾವು ಕೂಡಿಡುವುದನ್ನು ಬಿಟ್ಟೆವು. ರೇಶನ್ ಅಂಗಡಿ ಬಂತು, ಹಗೇವು ಮುಚ್ಚಿದವು. ಅದರ ಬಗ್ಗೆ ನನಗೆ ದುಃಖವಿಲ್ಲ, ರೇಶನ್ ಅಂಗಡಿ ಹೊಲ ಇಲ್ಲದವರನ್ನೂ ಉಣಿಸಿತು. ದುಃಖವಿರುವುದು ನೀರಿನ ಬಗ್ಗೆ. ನಮ್ಮ ನೆಲದಡಿ ಕರಿಕಲ್ಲು. ಮೇಲಿನ ಮುರುಮಿನ ಪದರ ಒಂದಷ್ಟು ನೀರು ಹಿಡಿಯುತ್ತದೆ, ಅದನ್ನು ತುಂಬಿಸಲೆಂದೇ ಎಪ್ಪತ್ತೆರಡರಲ್ಲಿ ಪಾಝರ ತಲಾವುಗಳನ್ನು ಕಟ್ಟಿದ್ದು. ಅವಕ್ಕೆ ಕಾಲುವೆ ಇಲ್ಲ. ನಿಂತ ನೀರು ನೆಲಕ್ಕೆ ಇಂಗಿ ಕೆಳಗಿನ ಬಾವಿಗಳಲ್ಲಿ ಏಳಬೇಕು. ಬೋರ್‌ವೆಲ್ ಗಾಡಿ ಊರಿಗೆ ಬಂದ ಮೇಲೆ ನೂರಾರು ಅಡಿ ಆಳದ ಕಲ್ಲಿನ ಬಿರುಕಿನಲ್ಲಿದ್ದ ನೀರನ್ನೂ ಎಳೆದೆವು. ಬರ ಬಂದರೂ ತೋಟ ಹಸಿರಾಗಿರುವ ಕೆಲವು ವರ್ಷಗಳು ಬಂದವು. ಬರವನ್ನು ಗೆದ್ದೆವೆಂದುಕೊಂಡೆವು. ಆದರೆ ಬರಗಾಲಕ್ಕೆಂದು ನೆಲ ಬಚ್ಚಿಟ್ಟಿದ್ದನ್ನು ಒಳ್ಳೆಯ ಕಾಲದಲ್ಲಿಯೇ ತಿಂದು ಮುಗಿಸುತ್ತಿದ್ದೆವು. 2012–13ರ ಬರದಲ್ಲಿ ಅದು ಕಣ್ಣಿಗೆ ಕಂಡಿತು. ಎಪ್ಪತ್ತೆರಡನ್ನು ಕಂಡ ಹಿರಿಯರು ಆಗ ಹೇಳಿದ ಮಾತು ಮಹಾರಾಷ್ಟ್ರದ ಹಳ್ಳಿಹಳ್ಳಿಯಲ್ಲಿ ಕೇಳಿಬಂದಿತ್ತು: ಅಂದು ಬಾವಿಯಲ್ಲಿ ನೀರಿತ್ತು, ಮನೆಯಲ್ಲಿ ಕಾಳಿರಲಿಲ್ಲ, ಇಂದು ಮನೆಯಲ್ಲಿ ಕಾಳಿದೆ, ಬಾವಿಯಲ್ಲಿ ನೀರಿಲ್ಲ. ದನಗಳು ಛಾವಣಿಗೆ ಹೋದವು, ಜನ ಟ್ಯಾಂಕರ್ ಕಾದರು, ದಾಳಿಂಬೆ ಗಿಡಕ್ಕೂ ಟ್ಯಾಂಕರ್ ತರಿಸಿ ಸಾಲದಲ್ಲಿ ಮುಳುಗಿದವರನ್ನು ನಾನು ಬಲ್ಲೆ.

ಬರದ ಇನ್ನೊಂದು ಬೆಲೆ ನನ್ನ ವರ್ಗದ ಹಾಜರಿ ಪುಸ್ತಕದಲ್ಲಿತ್ತು. ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯುವ ಗ್ಯಾಂಗುಗಳು ಪಶ್ಚಿಮದ ಕಾರ್ಖಾನೆಗಳಿಗೆ ಹೊರಡುತ್ತವೆ. ಮುಕಾದಮನಿಂದ ಮುಂಗಡ ಉಚಲ್ ತೆಗೆದುಕೊಂಡಾಗಿರುತ್ತದೆ, ಹೋಗದೆ ವಿಧಿಯಿಲ್ಲ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಚಿಕ್ಕ ಮಕ್ಕಳನ್ನು ಬಿಟ್ಟುಹೋಗಲು ಅಜ್ಜಿ ಇಲ್ಲದ ಮನೆಯವರು ಮಕ್ಕಳನ್ನೂ ಕರೆದುಕೊಂಡು ಹೋಗುತ್ತಾರೆ. ಯುಗಾದಿಯ ಹೊತ್ತಿಗೆ ಮರಳಿ ಬಂದ ಹುಡುಗಿ ದೀಪಾವಳಿಗೆ ಮೊದಲು ಓದಲು ಬರುತ್ತಿದ್ದ ಅಕ್ಷರಗಳನ್ನು ಮರೆತಿರುತ್ತಾಳೆ. ತಮ್ಮನನ್ನು ಎತ್ತಿಕೊಂಡು ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತು ಅವಳು ಕಲಿತ ಸಹನೆಯನ್ನು ಗಟ್ಟಿತನ ಎಂದು ಹೊಗಳುವವರ ಜೊತೆ ನಾನು ಕೂಡಲಾರೆ. ಅವಳ ಓದನ್ನು ಕಿತ್ತುಕೊಂಡು ಕಲಿಸಿದ ಸಹನೆ ಅದು. ಮನೆಗೆ ಹೋಗಿ ಬೇಡಿಕೊಂಡು ಕೆಲವರನ್ನು ಊರಲ್ಲಿಯೇ ಉಳಿಸಿಕೊಂಡೆವು, ಅಂಥವರಲ್ಲಿ ಒಬ್ಬಳು ಈಗ ನರ್ಸ್ ಆಗಿದ್ದಾಳೆ. ಉಳಿಸಿಕೊಳ್ಳಲಾಗದವರೇ ಹೆಚ್ಚು.

ಮಿರಜದಿಂದ ರೈಲು ಡಬ್ಬಿಗಳಲ್ಲಿ ಕೃಷ್ಣೆಯ ನೀರು ತುಂಬಿಕೊಂಡು ಲಾತೂರಿಗೆ ಹೋದದ್ದು 2016ರ ಏಪ್ರಿಲ್‌ನಲ್ಲಿ. ಲಾತೂರಿನ ಜನರ ಬಾಯಾರಿಕೆ ನಿಜವಾದದ್ದು, ಆ ನೀರು ಅವರಿಗೆ ಹೋಗಲೇಬೇಕಿತ್ತು. ಆದರೆ ಮಿರಜ ಇರುವ ಜಿಲ್ಲೆಯ ಪೂರ್ವದ ತುದಿಯಲ್ಲಿ ನಾವೂ ಕೊಡ ಹಿಡಿದು ನಿಂತಿದ್ದೆವು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಸಾಂಗಲಿ ಪಟ್ಟಣವನ್ನು ಮುಳುಗಿಸಿದಾಗಲೂ ಜತ್ತದ ಹಳ್ಳಿಗಳಲ್ಲಿ ಟ್ಯಾಂಕರ್ ಓಡಾಡುತ್ತಿದ್ದವು. ಕೃಷ್ಣೆಯ ನೀರನ್ನು ಹಂತಹಂತವಾಗಿ ಎತ್ತಿ ತರುವ ಮ್ಹೈಸಾಳ ಯೋಜನೆ ಎಂಬತ್ತರ ದಶಕದ್ದು, ಪೂರ್ವದ ಕನ್ನಡ ಹಳ್ಳಿಗಳು ಅದರ ಹೊರಗೇ ಉಳಿದವು. ಬೇಸತ್ತು ಸುಮಾರು 40 ಗ್ರಾಮಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದವು. 2022ರ ನವೆಂಬರ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಆ ಠರಾವನ್ನು ನೆನಪಿಸಿದಾಗ ಎರಡೂ ರಾಜಧಾನಿಗಳಲ್ಲಿ ಗದ್ದಲವೆದ್ದಿತು. ಕೆಲವೇ ದಿನಗಳಲ್ಲಿ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ತಿಕ್ಕುಂಡಿಯ ಕೆರೆಗೆ ಬಂತು. ಅತ್ತ ಮಹಾರಾಷ್ಟ್ರ ಸರ್ಕಾರ ವಿಸ್ತರಿತ ಮ್ಹೈಸಾಳ ಯೋಜನೆಯನ್ನು ಕೈಗೆತ್ತಿಕೊಂಡಿತು. ನಮ್ಮ ಠರಾವಿನಲ್ಲಿದ್ದದ್ದು ನೀರಿನ ಬೇಡಿಕೆ. ಅದನ್ನು ಬರೀ ಭಾಷೆಯ ಜಗಳವೆಂದು ಓದಿದವರು ನಮ್ಮ ಊರಿಗೆ ಮೇ ತಿಂಗಳಲ್ಲಿ ಬಂದವರಲ್ಲ.

ಕಾಲುವೆಯ ನೀರು ಬರಲಿ. ನಮ್ಮ ಹಕ್ಕಿನ ನೀರು ಅದು, ಕೇಳಿ ಪಡೆಯಬೇಕು. ಆದರೆ ಬೋರ್‌ವೆಲ್ ಬಂದಾಗ ಬಾವಿಯನ್ನು ಮರೆತ ಹಾಗೆ, ಕಾಲುವೆ ಬಂದಾಗ ತಲಾವನ್ನು ಮರೆತರೆ ಮುಂದಿನ ಬರ ಇನ್ನೂ ಕಠಿಣವಾಗುತ್ತದೆ. ಕೃಷ್ಣೆ ಬತ್ತುವ ವರ್ಷಗಳೂ ಇವೆ, ಪಂಪಿನ ಲೈಟ್ ಬಿಲ್ ತುಂಬದೆ ನೀರು ನಿಂತ ದಿನಗಳೂ ಇವೆ. ನಮ್ಮ ಅವ್ವಂದಿರು ಬುಟ್ಟಿ ಹೊತ್ತು ಕಟ್ಟಿದ ಪಾಝರ ತಲಾವುಗಳು ಇಂದು ಅರ್ಧಕ್ಕರ್ಧ ಹೂಳು ತುಂಬಿ, ಜಾಲಿ ಬೆಳೆದು ನಿಂತಿವೆ. ಆ ಹೂಳು ತೆಗೆದರೆ ನೀರು ಇಂಗುತ್ತದೆ, ಅದೇ ಮಣ್ಣು ಮಸಾರಿ ಹೊಲಕ್ಕೆ ಗೊಬ್ಬರವಾಗುತ್ತದೆ. ಅದಕ್ಕೆಂದೇ 2017ರಿಂದ ಸರ್ಕಾರದ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಎಂಬ ಯೋಜನೆಯೂ ಇದೆ. ಊರಿನಲ್ಲಿಯೇ ಕೆಲಸ ಸಿಕ್ಕರೆ ಒಂದಷ್ಟು ಮನೆಗಳಾದರೂ ಉಚಲ್ ತೆಗೆದುಕೊಳ್ಳದೆ ಉಳಿದಾವು, ಒಂದಷ್ಟು ಹುಡುಗಿಯರ ಹೆಸರು ಹಾಜರಿ ಪುಸ್ತಕದಲ್ಲಿ ಯುಗಾದಿಯವರೆಗೂ ನಡೆದೀತು. ಜತ್ತದ ಅಕ್ಕ ತಂಗಿಯರಲ್ಲಿ, ಅಣ್ಣ ತಮ್ಮಂದಿರಲ್ಲಿ ನನ್ನ ಬೇಡಿಕೆ ಇಷ್ಟೇ: ಮಳೆ ಚೆನ್ನಾಗಿ ಆದ ವರ್ಷವೇ ಗ್ರಾಮಸಭೆಗೆ ಹೋಗಿ, ನಿಮ್ಮ ಊರಿನ ಎಪ್ಪತ್ತೆರಡರ ತಲಾವಿನ ಹೆಸರು ಹೇಳಿ, ಹೂಳು ತೆಗೆಯುವ ಕೆಲಸವನ್ನು ಠರಾವಿನಲ್ಲಿ ಬರೆಸಿ. ಕೆಲಸ ಕೇಳಿದ ಅರ್ಜಿಯ ಪಾವತಿಯನ್ನು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ.